ಪೋರ್ಟರ್ ಕುಡಿದ ಸಿಪಾಯಿ, ಪೇಲ್ ಏಲ್ ಕುಡಿದ ಸಾಹೇಬ: ಕಹಿ ಬಿಯರಿನ ಕಥೆ

ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಸಂಚಿಕೆ ಬಿಯರ್ ಬಗ್ಗೆ. 21 ತುಂಬದವರಿಗೆ ಇದು ಬರೀ ಚರಿತ್ರೆ ಪಾಠ. ಕುಡಿಯದವರಿಗೂ ಅಷ್ಟೇ. ಕುಡಿಯೋರಿಗೆ ಮಾತ್ರ ಕೊನೆಯಲ್ಲಿ ಒಂದೆರಡು ಉಪಯೋಗದ ಮಾತು ಇದೆ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಬೆಂಗಳೂರಿಗೆ ಬಂದು ಕೆಲಸ ಮಾಡ್ತಿರೋ ಹುಡುಗರ ಬಾಯಲ್ಲಿ ಒಂದು ಮಾತು ನಾನು ಮತ್ತೆ ಮತ್ತೆ ಕೇಳಿದ್ದೀನಿ. ಸಂಬಳದ ದಿನ ಯಾವುದಾದರೂ ಮೈಕ್ರೋಬ್ರೂವರಿಗೆ ಹೋಗ್ತಾರೆ. ಸ್ಟೌಟ್ ಕೊಟ್ಟರೆ, ಅಂದ್ರೆ ಆ ಕಪ್ಪು ಬಿಯರ್ ಕೊಟ್ಟರೆ, ಖುಷಿಯಾಗಿ ಕುಡೀತಾರೆ. ಐಪಿಎ ಕೊಟ್ಟರೆ ಮುಖ ಕಿವುಚ್ತಾರೆ. "ಇದೇನಣ್ಣೋ, ಬೇವಿನ ಕಷಾಯ ಕುಡ್ದಂಗಾಯ್ತದೆ!" ಕಪ್ಪು ಯಾಕೆ ಇಷ್ಟ, ಕಹಿ ಯಾಕೆ ಕಷ್ಟ? ಇದು ಬರೀ ನಾಲಿಗೆಯ ಪ್ರಶ್ನೆ ಅಲ್ಲ. ಇದರ ಹಿಂದೆ ಇನ್ನೂರು ವರ್ಷದ ಜಗಳ ಇದೆ, ಅದು ನಡೆದಿದ್ದೂ ನಮ್ಮ ದೇಶದ ಹೆಸರಲ್ಲೇ.

ಮೊದಲು ಕಪ್ಪು ಬಿಯರ್. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್. ಅದನ್ನ ಇನ್ನೂ ಹುರಿದು ಕಪ್ಪಾಗಿಸಿದರೆ ಸ್ಟೌಟ್, ಪೋರ್ಟರ್‌ಗಳ ಬಣ್ಣ ಬರುತ್ತೆ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಅಜ್ಜಿಯರು ಮಗುವಿಗೆ ರಾಗಿ ಸರಿ ಮಾಡೋಕೆ ಮಾಡೋದು ಇದನ್ನೇ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸೋದು. ಮೊಳಕೆಯೊಡೆದಾಗ ಕಾಳಿನ ಪಿಷ್ಟ ಸಕ್ಕರೆಯಾಗೋಕೆ ತಯಾರಾಗುತ್ತೆ. ಮಗುವಿಗೆ ಅದು ಸುಲಭವಾಗಿ ಅರಗುತ್ತೆ, ಬಿಯರ್ ಮಾಡೋನ ಪಾತ್ರೆಯಲ್ಲಿ ಅದೇ ಸಕ್ಕರೆ ಯೀಸ್ಟ್‌ಗೆ ಊಟವಾಗುತ್ತೆ. ಇದರ ಜೊತೆಗೆ ಹುರಿಹಿಟ್ಟು, ಬೆಲ್ಲ, ಒಲೆಯ ಹೊಗೆ ತಾಗಿದ ಮುದ್ದೆಯ ಘಮ. ಸ್ಟೌಟಿನ ಅರ್ಧ ರುಚಿ ನಮ್ಮ ಕಡೆಯವರಿಗೆ ಹಾಲು ಹಲ್ಲು ಬರೋ ಮೊದಲೇ ಪರಿಚಯ.

ಹಾಪ್ಸ್ ಹಾಗಲ್ಲ. ಅದು ಬಳ್ಳಿಯ ಹೂ. ಚಳಿ ದೇಶದ ಗಿಡ, ಬೇಸಿಗೆಯಲ್ಲಿ ತುಂಬಾ ಉದ್ದದ ಹಗಲು ಬೇಕು ಅದಕ್ಕೆ. ಅದಕ್ಕೇ ನಮ್ಮ ಮಲೆ ಮಹದೇಶ್ವರ ಬೆಟ್ಟದಲ್ಲಾಗಲಿ ಬಿಳಿಗಿರಿಯಲ್ಲಾಗಲಿ ಅದು ಬೆಳೆಯೋದಿಲ್ಲ. ಭಾರತದಲ್ಲಿ ಬೆಳೆದಿದ್ದು ಕಾಶ್ಮೀರದಲ್ಲಿ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಸಸ್ಯಶಾಸ್ತ್ರದ ಪ್ರಕಾರ ಅದು ಗಾಂಜಾ ಗಿಡದ ಹತ್ತಿರದ ಸಂಬಂಧಿ. (ಹನೂರಿನವರು ನಗಬೇಡಿ, ಪೊಲೀಸರು ಜೋಳದ ಹೊಲದ ಮಧ್ಯೆ ಏನು ಕಿತ್ತರು ಅನ್ನೋ ಸುದ್ದಿ ನಾವೂ ಓದಿರ್ತೀವಿ. ಹಾಪ್ಸ್‌ನಲ್ಲಿ ಆ ಅಮಲು ಇಲ್ಲ.) ಈ ಹೂವಿನಲ್ಲಿ ಆಲ್ಫಾ ಆಮ್ಲ ಅಂತ ಇರುತ್ತೆ. ಕುದಿಸಿದಾಗ ಅದು ರೂಪ ಬದಲಿಸಿ ಕಹಿಯಾಗುತ್ತೆ, ಬಿಯರನ್ನ ಹುಳಿ ಮಾಡೋ ಬ್ಯಾಕ್ಟೀರಿಯಾಗಳನ್ನ ತಡೆಯುತ್ತೆ. ಕುದಿಸದೆ ಕೊನೆಯಲ್ಲಿ ಹಾಕಿದರೆ ಕಹಿ ಕಮ್ಮಿ, ಘಮ ಜಾಸ್ತಿ.

ಈಗ ಇತಿಹಾಸಕ್ಕೆ ಬರೋಣ. 18ನೇ ಶತಮಾನದ ಲಂಡನ್‌ನಲ್ಲಿ ದುಡಿಯೋ ಜನರ ಪಾನೀಯ ಪೋರ್ಟರ್. ಮೂಟೆ ಹೊರುವ ಹಮಾಲರಿಂದ, ಅಂದ್ರೆ ಪೋರ್ಟರ್‌ಗಳಿಂದಲೇ ಅದಕ್ಕೆ ಆ ಹೆಸರು. ಅದೇ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಹತ್ತಿರ, ಬೌ ಅನ್ನೋ ಕಡೆ, ಜಾರ್ಜ್ ಹಾಡ್ಜ್‌ಸನ್ 1752ರಲ್ಲಿ ಒಂದು ಬ್ರೂವರಿ ಶುರು ಮಾಡಿದ. ಅವನ ಬಿಯರೇ ಶ್ರೇಷ್ಠ ಅಂತೇನಲ್ಲ. ಬ್ರೂವರಿ ಹತ್ತಿರದಲ್ಲಿತ್ತು, ಕ್ಯಾಪ್ಟನ್‌ಗಳಿಗೆ ಹದಿನೆಂಟು ತಿಂಗಳವರೆಗೂ ಸಾಲ ಕೊಡ್ತಿದ್ದರು. ಸಾಲ ಕೊಡೋ ಅಂಗಡಿಗೆ ಗಿರಾಕಿ ಹೆಚ್ಚು, ನಮ್ಮೂರ ಶೆಟ್ಟರಂಗಡಿ ಇದ್ದ ಹಾಗೆ. ಕ್ಯಾಪ್ಟನ್‌ಗಳು ಪೀಪಾಯಿ ತುಂಬಿಸಿಕೊಂಡು, ಆಫ್ರಿಕಾ ಸುತ್ತಿ, ಭೂಮಧ್ಯ ರೇಖೆಯನ್ನ ಎರಡು ಸಲ ದಾಟಿ, ನಾಲ್ಕರಿಂದ ಆರು ತಿಂಗಳಲ್ಲಿ ಮದ್ರಾಸು, ಕಲ್ಕತ್ತ ಮುಟ್ಟುತ್ತಿದ್ದರು.

ಇಲ್ಲಿ ಒಂದು ದೊಡ್ಡ ಸುಳ್ಳು ಚಾಲ್ತಿಯಲ್ಲಿದೆ. "ಭಾರತದ ಪ್ರಯಾಣದಲ್ಲಿ ಬಿಯರ್ ಕೆಡುತ್ತಿತ್ತು, ಅದಕ್ಕೇ ಹಾಪ್ಸ್ ಸುರಿದು ಐಪಿಎ ಕಂಡುಹಿಡಿದರು" ಅಂತ. ಯಾವ ಬಾರಿಗೆ ಹೋದರೂ ಮೆನು ಕಾರ್ಡಿನ ಹಿಂದೆ ಇದೇ ಕಥೆ. ಬಿಸಿ ದೇಶಕ್ಕೆ ಹೋಗುವ ಬಿಯರಿಗೆ ಹಾಪ್ಸ್ ಹೆಚ್ಚು ಹಾಕಬೇಕು ಅನ್ನೋದು 1760ರ ದಶಕದಲ್ಲೇ ಗೊತ್ತಿದ್ದ ಮಾತು. ಅದಕ್ಕಿಂತ ಮುಖ್ಯ, ಪೋರ್ಟರ್ ಕೂಡ ಅದೇ ಹಡಗುಗಳಲ್ಲಿ ಬರ್ತಿತ್ತು, ಚೆನ್ನಾಗಿಯೇ ಮುಟ್ಟುತ್ತಿತ್ತು.

ಯಾರಿಗೆ ಏನು ಬರ್ತಿತ್ತು ಅನ್ನೋದರಲ್ಲೇ ಇರೋದು ವಿಷಯ. ಪೇಲ್ ಏಲ್ ಬರ್ತಿದ್ದಿದ್ದು ಅಧಿಕಾರಿಗಳಿಗೆ, ಕಲೆಕ್ಟರ್‌ಗಳಿಗೆ, ವ್ಯಾಪಾರಿ ಸಾಹೇಬರಿಗೆ. ಪೋರ್ಟರ್ ಬರ್ತಿದ್ದಿದ್ದು ಬ್ಯಾರಕ್‌ನ ಗೋರಾ ಸಿಪಾಯಿಗಳಿಗೆ. ಕಂಪನಿ, 1858ರ ನಂತರ ಸರ್ಕಾರ, ಸಿಪಾಯಿಗಳಿಗಂತಲೇ ಸಾವಿರಾರು ಪೀಪಾಯಿ ಪೋರ್ಟರ್ ತರಿಸ್ತಿತ್ತು. ಪ್ರೀತಿಯಿಂದ ಅಲ್ಲ. ಸಿಪಾಯಿಗಳು ಅಗ್ಗದ ಸ್ಥಳೀಯ ಸಾರಾಯಿ ಕುಡಿದು ಆಸ್ಪತ್ರೆ ಸೇರ್ತಿದ್ದರು, ಸಾಯ್ತಿದ್ದರು. ಅದಕ್ಕಿಂತ ಬಿಯರ್ ವಾಸಿ ಅನ್ನೋ ಲೆಕ್ಕ. ಹೀಗೆ ಕಪ್ಪು ಬಿಯರ್ ಬಡವನದು, ತಿಳಿಬಣ್ಣದ ಕಹಿ ಬಿಯರ್ ದೊಡ್ಡವರದು ಅಂತಾಯ್ತು. ಇವತ್ತು ಐಪಿಎ ಹಿಡಿದವರು ಸ್ಟೌಟ್ ಹಿಡಿದವರನ್ನ ಒಂಥರಾ ನೋಡ್ತಾರಲ್ಲ, ಆ ನೋಟಕ್ಕೆ ವಯಸ್ಸಾಗಿದೆ.

ಇನ್ನೊಂದು ಪಾತ್ರ ಬರುತ್ತೆ ಈಗ, ಬರ್ಟನ್ ಊರಿನ ಬ್ರೂವರ್ ಸ್ಯಾಮ್ಯುಯೆಲ್ ಆಲ್ಸಪ್. ಬರ್ಟನ್‌ನವರು ಆವರೆಗೂ ಮಾಡ್ತಿದ್ದದ್ದು ಕಪ್ಪಗಿನ, ಸಿಹಿಯಾದ, ಗಟ್ಟಿ ಏಲ್. ಗಿರಾಕಿ ರಷ್ಯಾ. 1822ರಲ್ಲಿ ರಷ್ಯಾ ಸುಂಕ ಹಾಕಿ ಆ ಬಾಗಿಲು ಮುಚ್ಚಿತು. ಅದೇ ಹೊತ್ತಿಗೆ ಹಾಡ್ಜ್‌ಸನ್ ಮನೆಯವರು ದುರಾಸೆಯಿಂದ ಕ್ಯಾಪ್ಟನ್‌ಗಳ ಜೊತೆ ಜಗಳ ಮಾಡಿಕೊಂಡಿದ್ದರು. ಕಂಪನಿಯ ನಿರ್ದೇಶಕ ಕ್ಯಾಂಪ್‌ಬೆಲ್ ಮಾರ್ಜರಿಬ್ಯಾಂಕ್ಸ್ ಆಲ್ಸಪ್‌ಗೆ ಹಾಡ್ಜ್‌ಸನ್‌ನ ಬಿಯರ್ ತೋರಿಸಿ, ಇಂಥದ್ದು ಮಾಡಿಕೊಡ್ತೀರಾ ಅಂತ ಕೇಳಿದ. ಆಲ್ಸಪ್‌ನ ಮಾಲ್ಟ್ ಮೇಸ್ತ್ರಿ ಜಾಬ್ ಗುಡ್‌ಹೆಡ್ ಆ ಕಹಿಯನ್ನ ಬಾಯಿಗೆ ಹಾಕಿಕೊಂಡು ಉಗುಳಿಬಿಟ್ಟನಂತೆ, ಆಮೇಲೆ ಒಂದು ಟೀ ಪಾಟಿನಲ್ಲೇ ಅದರ ಮೊದಲ ನಕಲು ಮಾಡಿದನಂತೆ. ಟೀ ಪಾಟ್ ನಿಜವೋ ಸುಳ್ಳೋ, ಬರ್ಟನ್‌ನ ನೀರು ಮಾತ್ರ ನಿಜ. ಅದರಲ್ಲಿ ಜಿಪ್ಸಮ್ ಜಾಸ್ತಿ, ಆ ನೀರಲ್ಲಿ ಹಾಪ್ಸ್‌ನ ಕಹಿ ಚೊಕ್ಕವಾಗಿ, ಗರಿಗರಿಯಾಗಿ ಬರುತ್ತೆ. 1830ರ ದಶಕದ ಜಾಹೀರಾತುಗಳಲ್ಲಿ 'ಇಂಡಿಯಾ ಪೇಲ್ ಏಲ್' ಅನ್ನೋ ಹೆಸರು ಓಡಾಡ್ತಿತ್ತು.

ಅಂದ್ರೆ ಕಪ್ಪು ಸಿಹಿ ಬಿಟ್ಟು ಕಹಿಗೆ ಬಂದ ಮೊದಲ ದೊಡ್ಡ ಗುಂಪು ಕುಡಿಯೋರದ್ದಲ್ಲ, ಮಾಡೋರದ್ದು. ಅವರೂ ರುಚಿ ಮೆಚ್ಚಿ ಬರಲಿಲ್ಲ, ಹೊಟ್ಟೆಪಾಡಿಗೆ ಬಂದರು.

ಇದೆಲ್ಲ ಆಗ್ತಿದ್ದಾಗ ನಮ್ಮ ಸೀಮೆ ಹೇಗಿತ್ತು? ಮಜಾ ಇದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಬೈಕಲ್ಲಿ ಅರ್ಧ ಗಂಟೆಯೂ ಆಗದ ದಾರಿ, ಎರಡು ಸರ್ಕಾರ, ಎರಡು ಅಬಕಾರಿ ಕಾನೂನು. ನೀಲಗಿರಿಯಲ್ಲಿ 1857ರಲ್ಲಿ ಕ್ಯಾಸಲ್ ಬ್ರೂವರಿ, ಬೆಂಗಳೂರಲ್ಲಿ 1885ರಲ್ಲಿ ಬ್ಯಾಂಗಲೋರ್ ಬ್ರೂವರಿ ಬಂದವು. ಇಂಥ ಐದು ದಕ್ಷಿಣದ ಬ್ರೂವರಿಗಳನ್ನ ಸೇರಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಹೋಗ್ತಿದ್ದ ಕಾಲ ಅದು. ಗಾಡಿ ಹೊಡೆದವರು, ಎತ್ತು ಸಾಕಿದವರು ನಮ್ಮವರು, ಕುಡಿದವರು ಬೇರೆ. ಆಮೇಲೆ ಐಸ್ ಬಂತು, ತಣ್ಣಗೆ ಕುಡಿಯೋ ಲಾಗರ್ ಬಂತು. ಪೋರ್ಟರೂ ಹೋಯ್ತು, ಪೇಲ್ ಏಲೂ ಹೋಯ್ತು. ಮದ್ರಾಸ್ ಸರ್ಕಾರ 1937ರಲ್ಲಿ ಸೇಲಂನಿಂದ ಶುರು ಮಾಡಿದ ಪಾನನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಕೊಳ್ಳೇಗಾಲ 1956ರಲ್ಲಿ ಮೈಸೂರು ರಾಜ್ಯ ಸೇರೋವರೆಗೂ ಆ ಕಾನೂನಿನ ಕೆಳಗೇ ಇತ್ತು.

ಹಾಗಂತ ನಮ್ಮ ಕಡೆ ಕುಡಿತಕ್ಕೆ ಚರಿತ್ರೆ ಇರಲಿಲ್ಲ ಅಂತಲ್ಲ. ಮಂಟೇಸ್ವಾಮಿ ಕಾವ್ಯದಲ್ಲಿ ಗುರು ಕಲ್ಯಾಣದ ಬಾಗಿಲಿಗೆ ಬರೋದೇ ಹೆಂಡದ ಗಡಿಗೆ ಹೊತ್ತು. ಒಳಗೆ ಯಾರನ್ನ ಬಿಡ್ತೀರಿ, ಯಾರನ್ನ ಬಿಡಲ್ಲ ಅನ್ನೋ ಪರೀಕ್ಷೆ ಅದು. ಚಿಕ್ಕಲ್ಲೂರಿನ ಜಾತ್ರೆಗೆ ಹೋಗೋ ನೀಲಗಾರರ ಹಾಡಲ್ಲಿ ಆ ಪ್ರಶ್ನೆ ಇನ್ನೂ ಇದೆ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯ್ತು. ಅದಕ್ಕೆ ಕಾರಣ ಇತ್ತು, ಹೆಣ್ಣುಮಕ್ಕಳು ಬೀದಿಗಿಳಿದು ಕೇಳಿದ್ದರು. ಆದರೆ ಸಾರಾಯಿ ಕುಡೀತಿದ್ದವನು ಹಾಲಿಗೆ ಬರಲಿಲ್ಲ, ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕಿಗೆ ಬಂದ. ಅದೂ ಬೇಡ ಅಂದವನು ಸ್ಟ್ರಾಂಗ್ ಬಿಯರಿಗೆ ಬಂದ. ಇತ್ತ 2010ರಿಂದ 2012ರ ನಡುವೆ ಬೆಂಗಳೂರಲ್ಲಿ ಟಾಯ್ಟ್, ಬಿಯರ್ ಕ್ಲಬ್, ಆರ್ಬರ್, ವಿಂಡ್‌ಮಿಲ್ಸ್ ಒಂದರ ಹಿಂದೆ ಒಂದು ತೆರೆದವು. ಆರ್ಬರ್‌ನ 'ರೇಜಿಂಗ್ ಎಲಿಫೆಂಟ್' ಕುಡಿದು ಎಷ್ಟೋ ಜನ ಮೊದಲ ಸಲ ಐಪಿಎ ಅಂದ್ರೇನು ಅಂತ ನೋಡಿದರು. ಆದರೆ ಆ ಐಪಿಎ ಇಂಗ್ಲೆಂಡಿಂದ ನೇರ ಬಂದಿದ್ದಲ್ಲ, ಅಮೆರಿಕ ಸುತ್ತಿ ಬಂದಿದ್ದು. ಅಲ್ಲಿ 1972ರಲ್ಲಿ ಕ್ಯಾಸ್ಕೇಡ್ ಅನ್ನೋ ಹೊಸ ಹಾಪ್ಸ್ ತಳಿ ಬಿಟ್ಟರು, 1980ರಲ್ಲಿ ಸಿಯೆರಾ ನೆವಾಡಾ ಪೇಲ್ ಏಲ್ ಅದರ ಘಮವನ್ನ ಮನೆಮಾತು ಮಾಡಿತು. ಇಂಡಿಯಾದ ಹೆಸರಿನ ಬಿಯರ್ ಇಂಡಿಯಾಗೆ ವಾಪಸ್ ಬಂದಾಗ ಒಂದು ಗ್ಲಾಸಿಗೆ ಮುನ್ನೂರು ನಾನ್ನೂರು ರೂಪಾಯಿ. 2024-25ರಲ್ಲಿ ನರೇಗಾ ದಿನಗೂಲಿ 349 ರೂಪಾಯಿ. ಹನೂರಿಂದ ಬಂದ ಹುಡುಗ ಆ ಗ್ಲಾಸನ್ನ ಅರ್ಧಕ್ಕೇ ಬಿಟ್ಟರೆ ಯಾಕೆ ಹೊಟ್ಟೆ ಉರಿಯುತ್ತೆ ಅಂತ ಈಗ ಗೊತ್ತಾಯ್ತಲ್ಲ. ಅರ್ಧ ದಿನದ ಕೂಲಿ ಟೇಬಲ್ ಮೇಲೆ ಉಳಿದಿರುತ್ತೆ.

ಸರಿ, ಕಲಿಯೋದು ಹೇಗೆ? ಕಲೀಲೇಬೇಕು ಅಂತೇನಿಲ್ಲ, ಅದು ಮೊದಲ ಮಾತು. ಕಲಿಯೋ ಆಸೆ ಇದ್ದರೆ, ನೀವು ಈಗಾಗಲೇ ಕಹಿ ಕುಡೀತಿದ್ದೀರಿ ಅನ್ನೋದು ನೆನಪಿಡಿ. ಬಿಯರಿನ ಕಹಿ ಅಳೆಯೋಕೆ ಐಬಿಯು ಅನ್ನೋ ಅಳತೆ ಇದೆ. ಗಿನ್ನೆಸ್ ಸ್ಟೌಟಿಂದು ಸುಮಾರು 40, ಸಿಯೆರಾ ನೆವಾಡಾ ಪೇಲ್ ಏಲಿಂದು 38. ಹೆಚ್ಚುಕಮ್ಮಿ ಒಂದೇ! ಹುರಿದ ಮಾಲ್ಟಿನ ಹಿಂದೆ ಆ ಕಹಿ ಅಡಗಿ ಕೂತಿರುತ್ತೆ ಅಷ್ಟೇ. ನಿಮಗೆ ಹೊಸದು ಕಹಿಯಲ್ಲ, ಅದರ ಘಮ. ಆ ಘಮಕ್ಕೆ ಹೆಸರು ಕೊಟ್ಟರೆ ಅರ್ಧ ಕೆಲಸ ಆಯ್ತು. ಕ್ಯಾಸ್ಕೇಡ್ ಅಂದ್ರೆ ಚಕ್ಕೋತದ ಸಿಪ್ಪೆ. ಹೇರಳೆಕಾಯಿ ಚಿತ್ರಾನ್ನ ತಿಂದವರಿಗೆ ಇದು ಅಪರಿಚಿತ ಅಲ್ಲವೇ ಅಲ್ಲ. ಕೆಲವು ತಳಿ ಮಾವಿನಕಾಯಿಯ ಸೊನೆ ಥರ. (ಯುಗಾದಿಯ ಬೇವು-ಬೆಲ್ಲ ನಾನು ಹೇಳಲ್ಲ, ಎಲ್ಲರೂ ಅದನ್ನೇ ಹೇಳ್ತಾರೆ.)

ಬ್ಲ್ಯಾಕ್ ಐಪಿಎ ಸಿಕ್ಕರೆ ಅಲ್ಲಿಂದ ಶುರು ಮಾಡಿ, ಬಣ್ಣ ನಿಮ್ಮದು, ಘಮ ಅವರದ್ದು. ಆಮೇಲೆ ಕೆಂಪಗಿನ ಆಂಬರ್ ಏಲ್, ಆಮೇಲೆ ಪೇಲ್ ಏಲ್. ಐಪಿಎ ಕೊನೆಗೆ. ಕಾಫಿ ಕಲಿತಿದ್ದೂ ನಾವು ಹೀಗೇ ಅಲ್ವಾ? 1880ರ ದಶಕದಲ್ಲಿ ಮಾರಿಸ್ ಮನೆತನ ಬಿಳಿಗಿರಿರಂಗನ ಬೆಟ್ಟದ ಅಟ್ಟಿಕಾನ್‌ನಲ್ಲಿ ಕಾಫಿ ತೋಟ ಮಾಡಿತು. ಇವತ್ತು ಅದೇ ಬೆಟ್ಟದಲ್ಲಿ ಸೋಲಿಗರು ತಮ್ಮ ಮನೆ ಹಿಂದೆಯೇ ಕಾಫಿ ಬೆಳೀತಾರೆ. ಬೆಲ್ಲ ಹಾಕಿದ ನೀರು ಕಾಫಿಯಿಂದ ಸಕ್ಕರೆ ಇಲ್ಲದ ಡಿಕಾಕ್ಷನ್‌ಗೆ ಯಾರೂ ಒಂದೇ ದಿನಕ್ಕೆ ಬರಲ್ಲ, ದಿನಕ್ಕೆ ಕಾಲು ಚಮಚ ಕಮ್ಮಿ ಮಾಡ್ತಾ ಬರ್ತಾರೆ.

ಇನ್ನೆರಡು ಮಾತು. ಖಾರದ ನಾಟಿ ಕೋಳಿ ಸಾರಿನ ಜೊತೆ ಐಪಿಎ ಬೇಡ, ಕಹಿ ಖಾರವನ್ನ ಎಬ್ಬಿಸುತ್ತೆ, ಅಲ್ಲಿ ಸ್ಟೌಟೇ ವಾಸಿ. ಮತ್ತೆ, ಹಾಪ್ಸ್ ಘಮ ಬೇಗ ಸಾಯುತ್ತೆ. ಸ್ಟೌಟ್ ಕಾಯುತ್ತೆ, ಐಪಿಎ ಕಾಯಲ್ಲ. ಪೂರ್ತಿ ಗ್ಲಾಸ್ ಆರ್ಡರ್ ಮಾಡೋ ಮೊದಲು, ಯಾವತ್ತು ಮಾಡಿದ್ದು ಅಂತ ಕೇಳಿ. ಒಂದು ಗುಟುಕು ರುಚಿಗೆ ಕೊಡಿ ಅಂತಲೂ ಕೇಳಿ, ಎಷ್ಟೋ ಕಡೆ ದುಡ್ಡಿಲ್ಲದೆ ಕೊಡ್ತಾರೆ. ಕೇಳೋಕೆ ಸಂಕೋಚ ಬೇಡ, ಆಲ್ಸಪ್‌ಗೂ ಮೊದಲು ಕೊಟ್ಟಿದ್ದು ರುಚಿ ನೋಡೋಕೇ.

ಮುಂದಿನ ವಾರ ಅಟ್ಟಿಕಾನ್ ಕಾಫಿಯ ಕಥೆ. ಗಾಡಿ ಓಡಿಸೋದಿದ್ದರೆ ಇವತ್ತು ಕಾಫಿಯೇ ಕುಡೀರಿ.