ಗುರುಗ್ರಾಮದ ಸರ್ಕಾರಿ ಶಾಲೆಗಳಲ್ಲಿ ಆರೋಗ್ಯ ಸೇವೆ

ಹರಿಯಾಣದ ಗುರುಗ್ರಾಮ ಜಿಲ್ಲೆಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಉಚಿತವಾಗಿ ಸಿಗುವ ಆರೋಗ್ಯ ತಪಾಸಣೆ, ಚಿಕಿತ್ಸೆ, ಪೌಷ್ಟಿಕಾಂಶದ ಮಾತ್ರೆ ಮತ್ತು ಮಾನಸಿಕ ಆರೋಗ್ಯ ನೆರವಿನ ವ್ಯವಸ್ಥೆ. ದೇಶವಿದೇಶದ ರೋಗಿಗಳು ಹುಡುಕಿಕೊಂಡು ಬರುವ ದೊಡ್ಡ ಖಾಸಗಿ ಆಸ್ಪತ್ರೆಗಳು ಈ ನಗರದಲ್ಲಿವೆ. ಆದರೆ ಸರ್ಕಾರಿ ಶಾಲೆಯ ಬೆಂಚುಗಳಲ್ಲಿ ಕೂರುವವರಲ್ಲಿ ಬಿಹಾರ, ಉತ್ತರ ಪ್ರದೇಶ, ಬಂಗಾಳಗಳಿಂದ ದುಡಿಯಲು ಬಂದ ಕಾರ್ಮಿಕರ, ಮನೆಗೆಲಸದವರ ಮಕ್ಕಳು ಬಹಳ. ಅವರಲ್ಲಿ ಎಷ್ಟೋ ಮಂದಿಗೆ ವೈದ್ಯರ ಕೈ ಮೈಗೆ ತಾಗುವುದು ಶಾಲೆಯಲ್ಲೇ.

ಭಾರತದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ಪರೀಕ್ಷೆ ಮೊದಲು ನಡೆದದ್ದು 1909ರಲ್ಲಿ, ಬರೋಡ ನಗರದಲ್ಲಿ. ಆದರೂ 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ವರದಿ ಕೊಡುವಾಗ ಇಂಥ ಸೇವೆ ದೇಶದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇತ್ತು. 1960ರಲ್ಲಿ ರೇಣುಕಾ ರೇ ಅಧ್ಯಕ್ಷತೆಯ ಶಾಲಾ ಆರೋಗ್ಯ ಸಮಿತಿ ನೇಮಕವಾಯಿತು. ಹರಿಯಾಣ 2010ರಲ್ಲಿ ಇಂದಿರಾ ಬಾಲ ಸ್ವಾಸ್ಥ್ಯ ಯೋಜನೆಯ ಮೂಲಕ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಕೈಹಾಕಿತು. 2013ರಲ್ಲಿ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಇಂದಿಗೂ ಇಡೀ ವ್ಯವಸ್ಥೆಯ ಬೆನ್ನೆಲುಬು ಅದೇ.

ಈ ಕಾರ್ಯಕ್ರಮದ ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು (ಒಬ್ಬರು ಪುರುಷ, ಒಬ್ಬರು ಮಹಿಳೆ), ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರಬೇಕೆಂಬುದು ನಿಯಮ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಭೇಟಿ. ಹುಟ್ಟಿನಿಂದ ಬಂದ ದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ವಿಳಂಬ ಎಂದು ನಾಲ್ಕು ಬಗೆಯಲ್ಲಿ ಸುಮಾರು 30 ತೊಂದರೆಗಳನ್ನು ಗುರುತಿಸಲಾಗುತ್ತದೆ. ಸಲಕರಣೆ ಹೆಚ್ಚೇನಿಲ್ಲ: ತೂಕದ ಯಂತ್ರ, ಎತ್ತರದ ಪಟ್ಟಿ, ಸ್ಟೆತಾಸ್ಕೋಪ್, ಆರು ಮೀಟರ್ ದೂರದಲ್ಲಿ ತೂಗುಹಾಕಿದ ಅಕ್ಷರಗಳ ಚಾರ್ಟು. ಕೆಳರೆಪ್ಪೆ ಎಳೆದು ನೋಡಿದರೆ ರಕ್ತಹೀನತೆಯ ಬಿಳಿಚು, ಬಾಯಿ ತೆರೆಸಿದರೆ ಹುಳುಕು ಹಲ್ಲು, ಬೆರಳ ಸಂದುಗಳಲ್ಲಿ ಕಜ್ಜಿ. ಬೋರ್ಡು ಕಾಣದೆ ಪಕ್ಕದವಳ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತಿದ್ದ ಹುಡುಗಿ ದಡ್ಡಿಯಲ್ಲ, ಅವಳಿಗೆ ಕನ್ನಡಕ ಬೇಕಿತ್ತು ಎಂಬುದು ಈ ಚಾರ್ಟಿನ ಮುಂದೆ ಗೊತ್ತಾಗುತ್ತದೆ.

ತೊಂದರೆ ಪತ್ತೆಯಾದ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಜಿಲ್ಲಾ ನಾಗರಿಕ ಆಸ್ಪತ್ರೆಗೋ ಕಳಿಸುತ್ತಾರೆ. ಸೀಳುತುಟಿ, ಹೃದಯದ ರಂಧ್ರದಂಥವಕ್ಕೆ ಶಸ್ತ್ರಚಿಕಿತ್ಸೆಯೂ ಉಚಿತ. ಮಕ್ಕಳು ಕೈತಪ್ಪುವುದು ಈ ಘಟ್ಟದಲ್ಲೇ. ಆಸ್ಪತ್ರೆಗೆ ಹೋಗಿಬರಲು ತಾಯಿತಂದೆ ಒಂದು ದಿನದ ಕೂಲಿ ಬಿಡಬೇಕು. ಕಟ್ಟಡದ ಕೆಲಸ ಮುಗಿದರೆ ಸಂಸಾರವೇ ಬೇರೆ ಸೆಕ್ಟರಿಗೋ ಬೇರೆ ಊರಿಗೋ ಹೊರಟುಹೋಗುತ್ತದೆ. ವರ್ಷಕ್ಕೊಮ್ಮೆ ಬರುವ ತಂಡಕ್ಕೆ ಆ ಮಗು ಮತ್ತೆ ಸಿಗದೇ ಹೋಗಬಹುದು. ಆದ್ದರಿಂದ ಎಷ್ಟು ಮಕ್ಕಳನ್ನು ಪರೀಕ್ಷಿಸಿದರು ಎಂಬುದಕ್ಕಿಂತ ಕಳಿಸಿದವರಲ್ಲಿ ಎಷ್ಟು ಮಕ್ಕಳು ವಾಸಿಯಾದರು ಎಂಬ ಲೆಕ್ಕವೇ ಈ ಸೇವೆಯ ನಿಜವಾದ ಅಳತೆ.

ರಕ್ತಹೀನತೆ ಇಲ್ಲಿನ ದೊಡ್ಡ ಸಮಸ್ಯೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹರಿಯಾಣದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 70ರಷ್ಟು ಮಂದಿಗೆ ಅದಿತ್ತು, ಕರ್ನಾಟಕದಲ್ಲಿಯೂ ಶೇ. 65 ದಾಟಿತ್ತು. ಈ ಮಕ್ಕಳೇ ಮುಂದೆ ಒಂದನೇ ತರಗತಿಗೆ ಬರುವವರು. 2018ರ ‘ಅನೀಮಿಯಾ ಮುಕ್ತ ಭಾರತ’ ಯೋಜನೆಯಡಿ ಕಿರಿಯರಿಗೆ ಗುಲಾಬಿ, ಹತ್ತು ದಾಟಿದವರಿಗೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ವಾರಕ್ಕೊಂದು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ, ಹೊಟ್ಟೆನೋವು. ಹಾಗಾಗಿ ಮಧ್ಯಾಹ್ನದ ಬಿಸಿಯೂಟವಾದ ಮೇಲೆ, ಶಿಕ್ಷಕರ ಕಣ್ಣೆದುರಿಗೇ ನುಂಗಿಸಬೇಕು. ಮಲ ಕಪ್ಪಗಾದರೆ ಹೆದರಬೇಕಿಲ್ಲ ಎಂದು ಮನೆಯವರಿಗೆ ಮೊದಲೇ ತಿಳಿಸದಿದ್ದರೆ ಮರುವಾರ ಮಗು ಮಾತ್ರೆ ಬೇಡವೆನ್ನುತ್ತದೆ. ಜಂತುಹುಳು ನಿವಾರಣೆಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಜಗಿಸಿ ತಿನ್ನಿಸುವ ರಾಷ್ಟ್ರೀಯ ದಿನ 2015ರ ಫೆಬ್ರವರಿ 10ರಂದು ಶುರುವಾಯಿತು.

ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರು ತರಬೇತಿ ಪಡೆದು ಆಹಾರ, ಮನಸ್ಸು, ಹದಿಹರೆಯ, ದುಶ್ಚಟ, ರಸ್ತೆ ಸುರಕ್ಷತೆ ಮುಂತಾದ 11 ವಿಷಯಗಳ ಪಾಠ ಮಾಡುತ್ತಾರೆ. ಮನೋವೇದನೆಯಲ್ಲಿರುವ ಮಕ್ಕಳಿಗೂ ಪೋಷಕರಿಗೂ ಟೆಲಿ ಮಾನಸ್ ಸಹಾಯವಾಣಿ (14416) ಇದೆ. 2022ರಲ್ಲಿ ಆರಂಭವಾದ ಇದರ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಚಳಿಗಾಲದ ವಿಷಗಾಳಿ ಗುರುಗ್ರಾಮಕ್ಕೆ ವಿಶೇಷವಾದ ಸಂಕಟ. 2024ರ ನವೆಂಬರಿನಲ್ಲಿ ಮಾಲಿನ್ಯ ಅತಿ ತೀವ್ರ ಹಂತ ಮುಟ್ಟಿದಾಗ ದೆಹಲಿಯ ಜೊತೆ ಇಲ್ಲಿಯೂ ತರಗತಿಗಳು ಆನ್‌ಲೈನಿಗೆ ಹೋದವು. ಮಗುವಿನ ಶ್ವಾಸಕೋಶ ಕಾಯಲು ಶಾಲೆ ಮುಚ್ಚಿದರೆ ಬಿಸಿಯೂಟ ತಪ್ಪುತ್ತದೆ, ಊಟದ ನಂತರದ ಮಾತ್ರೆಯೂ ತಪ್ಪುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಗಾಳಿ ಶುದ್ಧಗೊಳಿಸುವ ಯಂತ್ರವಂತೂ ಇರುವುದಿಲ್ಲ. ಆ ತಿಂಗಳ 25ರಂದು ಸುಪ್ರೀಂ ಕೋರ್ಟ್ ಇದನ್ನೇ ಗಮನಕ್ಕೆ ತಂದುಕೊಂಡು, ಬಿಸಿಯೂಟವಿಲ್ಲದ, ಆನ್‌ಲೈನ್ ಪಾಠಕ್ಕೆ ಅನುಕೂಲವಿಲ್ಲದ ಮಕ್ಕಳ ದೃಷ್ಟಿಯಿಂದ ನಿರ್ಬಂಧ ಸಡಿಲಿಸುವುದನ್ನು ಪರಿಶೀಲಿಸುವಂತೆ ವಾಯು ಗುಣಮಟ್ಟ ನಿರ್ವಹಣಾ ಆಯೋಗಕ್ಕೆ ಹೇಳಿತು. ಬಳಿಕ ಆಯೋಗ ಶಾಲೆಗೆ ಬರುವ ಅಥವಾ ಮನೆಯಿಂದಲೇ ಕಲಿಯುವ ಆಯ್ಕೆಗೆ ಒಪ್ಪಿತು.