ಅಜ್ಜ, ಅಜ್ಜಾರು

ಕೆಲವು ಶಬ್ದಗಳು ಮನೆಯಲ್ಲಿ ಹುಟ್ಟಿ ಊರೆಲ್ಲ ಓಡಾಡುತ್ತವೆ. ಹುಬ್ಬಳ್ಳಿ-ಧಾರವಾಡದ 'ಅಜ್ಜ' ಅಂಥದ್ದು. ಮೈಸೂರು ಸೀಮೆಯ ತಾತ, ಕಲಬುರಗಿಯ ಮುತ್ಯಾ ನಮ್ಮಲ್ಲಿ ಅಜ್ಜ. ಮರಾಠಿಯ ಆಜೋಬಾ ಇವನ ಬಳಗದವನೇ. ವ್ಯಾಕರಣದವರು ಇದನ್ನು 'ಆರ್ಯ' ಶಬ್ದದ ತದ್ಭವವೆನ್ನುತ್ತಾರೆ. ಅಂದರೆ ಹಿರಿತನ ಈ ಮಾತಿಗೆ ಹುಟ್ಟಿನಿಂದಲೇ ಬಂದದ್ದು. ಸಲಿಗೆಯನ್ನು ಮಾತ್ರ ಮೊಮ್ಮಕ್ಕಳು ಸೇರಿಸಿದ್ದು.

ಮನೆಯಲ್ಲಿ ಅಜ್ಜನಿಗೆ ಏಕವಚನವೇ. 'ಅಜ್ಜಾ, ಕತಿ ಹೇಳ' ಎಂದು ಧೋತರ ಜಗ್ಗುವ ಹಕ್ಕು ನಮಗಿತ್ತು. ಸಂಜೆ ಕಟ್ಟೆಯ ಮೇಲೆ ಕೂಡಿಸಿಕೊಂಡು ಆತ ಪಾವಕಿ, ನಿಮಕಿ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದ. ತಪ್ಪಿದರೆ ಗದರಿ, ಮರುಗಳಿಗೆಗೆ ಅಂಗಿಯ ಕಿಸೆಯಿಂದ ಪುಠಾಣಿ ಬೆಲ್ಲ ತೆಗೆದು ಕೊಡುತ್ತಿದ್ದ. ಬಾಗಿಲಿಗೆ ಕಾಯಿಪಲ್ಲೆ ಮಾರುವ ಮುದುಕ ಬಂದರೆ ನಮಗೊಂದು ಕಟ್ಟಪ್ಪಣೆ: 'ಹೆಸರು ಹಿಡೀಬ್ಯಾಡ, ಅಜ್ಜಾರ ಅನ್ನು.' ದೊಡ್ಡವರನ್ನು ಕಾಣುವ ಬಗೆಯನ್ನು ನಾನು ಕಲಿತದ್ದು ಆ ಒಂದು ಮಾತಿನಿಂದ.

ಇದೇ ಶಬ್ದ ಮಠಕ್ಕೂ ಹೋಗಿದೆ. 1929ರಲ್ಲಿ ದೇಹ ಬಿಟ್ಟ ಸಿದ್ಧಾರೂಢರ ಹೆಸರನ್ನು 2020ರಲ್ಲಿ ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ ಇಟ್ಟರು. ಫಲಕದಲ್ಲಿ ಅವರು 'ಶ್ರೀ ಸಿದ್ಧಾರೂಢ ಸ್ವಾಮೀಜಿ'. ಶಿವರಾತ್ರಿಯ ತೇರಿಗೆ ಬಂದವರ ಬಾಯಲ್ಲಿ 'ಸಿದ್ಧಾರೂಢಜ್ಜ'. ಶಿಶುನಾಳದ ಸಂತ ಶರೀಫಜ್ಜ, ಗರಗದ ಶರಣ ಮಡಿವಾಳಜ್ಜ, ನವಲಗುಂದದಲ್ಲಿ ನಾಗಲಿಂಗಜ್ಜ. ಗದಗಿನಲ್ಲಿ ಅಂಧ ಮಕ್ಕಳಿಗೆ ಸಂಗೀತದ ದಾರಿ ತೋರಿದ ಪುಟ್ಟರಾಜ ಗವಾಯಿಗಳು ಪುಟ್ಟಜ್ಜ. ಮಠದಲ್ಲಿ ಎದುರಿಗಿರುವ ಸ್ವಾಮಿಗಳು 'ಅಜ್ಜಾರು'. ಆದರೆ ಸಂಕಟ ಬಂದಾಗ ಗದ್ದುಗೆಯ ಮುಂದೆ ನಿಂತವರು ಬಹುವಚನ ಮರೆಯುತ್ತಾರೆ: 'ಅಜ್ಜಾ, ನೀನs ಕಾಯಪಾ.' ಮೊಮ್ಮಗುವಿನ ಹಕ್ಕು ಅಲ್ಲಿಯೂ ನಡೆಯುತ್ತದೆ. ಶರೀಫರು ಮುಸ್ಲಿಮರ ಮನೆಯಲ್ಲಿ ಹುಟ್ಟಿದವರು, ಗುರು ಗೋವಿಂದ ಭಟ್ಟರು ಬ್ರಾಹ್ಮಣರು. ಅಜ್ಜ ಎಂದು ಕರೆಯುವವರು ಅದನ್ನು ಎಣಿಸಿದ್ದೇ ಇಲ್ಲ.

ತೀರಿದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಸೊಸೆ ಮಾವನ ಹೆಸರು ಹೇಳಲಾರದೆ ತೊಟ್ಟಿಲ ಕೂಸನ್ನೇ 'ಅಜ್ಜಪ್ಪ' ಎಂದು ಕರೆಯುತ್ತಾಳೆ. ಹೀಗೆ ಶಬ್ದ ಮತ್ತೆ ಮನೆಗೇ ಬರುತ್ತದೆ.

ಈಗ ಮಕ್ಕಳಿಗೆ ದಾರಿಯಲ್ಲಿ ಸಿಕ್ಕ ಹಿರಿಯರೆಲ್ಲ 'ಅಂಕಲ್'. ಅಂಕಲ್‌ಗೆ ಧೋತರ ಜಗ್ಗುವ ಸಲಿಗೆಯೂ ಇಲ್ಲ, ಗದ್ದುಗೆಯ ಗೌರವವೂ ಇಲ್ಲ. ನಿಮ್ಮ ಮನೆಯ ಕೂಸಿಗೆ 'ಅಜ್ಜ' ಅನ್ನುವುದನ್ನು ಕಲಿಸಿರಿ. ಬಾಗಿಲಿಗೆ ಬಂದ ಹಿರಿಯರಿಗೆ 'ಅಜ್ಜಾರ' ಅನ್ನುವುದನ್ನೂ ಕಲಿಸಿರಿ.