ಹಳಿಯೇರಿದ ಕ್ಯಾಮೆರಾ

ನಾನು ಬಹುಕಾಲ ಪಾಠ ಹೇಳಿದ ಶಾಲೆಯ ಹಳೆಯ ಕಟ್ಟಡವನ್ನು ಕೆಡವುತ್ತಾರೆಂದು ತಿಳಿದಾಗ, ಅದನ್ನೊಮ್ಮೆ ಚಿತ್ರೀಕರಿಸಿಡುವ ಆಸೆಯಾಯಿತು. ಆದರೆ ಎಪ್ಪತ್ತು ದಾಟಿದ ಕೈ ನಡುಗುತ್ತದೆ. ತೆಗೆದದ್ದೆಲ್ಲ ಭೂಕಂಪದಲ್ಲಿ ತೆಗೆದಂತಿತ್ತು. ಕ್ಯಾಮೆರಾವನ್ನು ಅಲುಗದಂತೆ ಸಾಗಿಸುವ ‘ಸ್ಲೈಡರ್’ ಎಂಬ ಉಪಕರಣದ ಬೆಲೆ ಪಿಂಚಣಿದಾರನಿಗೆ ಎಟುಕದು. “ನಾವೇ ಮಾಡೋಣ ತಾತ” ಎಂದ ಮೊಮ್ಮಗ.

ಚರಿತ್ರೆಯ ಮೇಷ್ಟರಿಗೆ ಹಿಂದಿರುಗಿ ನೋಡುವ ಚಟ. 1896ರಲ್ಲಿ ಲೂಮಿಯೇರ್ ಸಹೋದರರ ಛಾಯಾಗ್ರಾಹಕ ಪ್ರೋಮಿಯೋ ವೆನಿಸ್ ನಗರದಲ್ಲಿ ಕ್ಯಾಮೆರಾವನ್ನು ದೋಣಿಯಲ್ಲಿರಿಸಿದ. ತೆರೆಯ ಮೇಲೆ ದಡದ ಅರಮನೆಗಳೇ ನಡೆದುಹೋದವು. 1914ರ ‘ಕಬೀರಿಯಾ’ ಚಿತ್ರಕ್ಕೆ ಇಟಲಿಯ ಪಾಸ್ಟ್ರೋನೆ ಗಾಲಿಬಂಡಿಯನ್ನು ಬಳಸಿದ. 1960ರ ‘ಬ್ರೆತ್‌ಲೆಸ್’ ಚಿತ್ರದಲ್ಲಿ ಹಣದ ಅಭಾವದಿಂದ ಛಾಯಾಗ್ರಾಹಕ ಕುತಾರ್ ಗಾಲಿಕುರ್ಚಿಯಲ್ಲಿಯೇ ಕುಳಿತ. 1981ರ ‘ದಿ ಈವಿಲ್ ಡೆಡ್’ ತಂಡದವರು ಮರದ ಹಲಗೆಗಳ ಮೇಲೆ ಕ್ಯಾಮೆರಾವನ್ನು ಜಾರಿಸಿದರು. ಬಡತನವೂ ಒಬ್ಬ ಯಂತ್ರಶಿಲ್ಪಿಯೇ!

ಹಾರ್ಡ್‌ವೇರ್ ಅಂಗಡಿಯಿಂದ ಮೂರಡಿಯ ಎರಡು ಅಲ್ಯೂಮಿನಿಯಂ ಕೊಳವೆ, ನಾಲ್ಕು ಬೇರಿಂಗ್, ಪ್ಲೈವುಡ್ ತುಂಡು, ಒಂದಿಷ್ಟು ಬೋಲ್ಟು ತಂದೆವು. ಕೊಳವೆಗಳು ಸಮಾನಾಂತರವಾಗಿರದಿದ್ದರೆ ಗಾಲಿಹಲಗೆ ನಡುವೆ ಸಿಕ್ಕಿಕೊಳ್ಳುತ್ತದೆ; ರೇಖಾಗಣಿತ ಸುಳ್ಳಾಡುವುದಿಲ್ಲ. ನಾನು ತಂದ ಆರು ಮಿಲಿಮೀಟರ್ ಬೋಲ್ಟು ಕ್ಯಾಮೆರಾದಡಿ ಸಡಿಲವಾಗಿ ಓಲಾಡಿತು. ಅಲ್ಲಿನ ತಿರುಪು ಕಾಲಂಗುಲದ್ದು, ಅಂದರೆ 6.35 ಮಿಲಿಮೀಟರ್, ಅಂಗುಲಕ್ಕೆ ಇಪ್ಪತ್ತು ಎಳೆ. ಮೆಟ್ರಿಕ್ ಪದ್ಧತಿಯನ್ನು ಹೊಗಳುತ್ತ ಪಾಠ ಹೇಳಿದವನಿಗೆ ತಕ್ಕ ಶಾಸ್ತಿ! ಮರುದಿನ ಸರಿಯಾದ ಬೋಲ್ಟು ಹುಡುಕಿ ತಂದೆ.

ಕೆಡವುವ ಹಿಂದಿನ ಸಂಜೆ ಜಗಲಿಯಲ್ಲಿ ಹಳಿಯನ್ನಿಟ್ಟೆವು. ಕ್ಯಾಮೆರಾ ಸರಿದಂತೆ ಹತ್ತಿರದ ಕಂಬ ಬೇಗ ಸರಿಯಿತು, ದೂರದ ಕರಿಹಲಗೆ ನಿಧಾನವಾಗಿ. ಈ ವ್ಯತ್ಯಾಸವೇ ಚಪ್ಪಟೆ ಚಿತ್ರಕ್ಕೆ ಆಳವನ್ನೀಯುವುದು. ಕಂಬ ಮರೆಯಾಗಿ ನಿಮ್ಮ ಬೆಂಚುಗಳು ಒಂದೊಂದಾಗಿ ಕಾಣಿಸಿಕೊಂಡಾಗ, ಹಾಜರಿ ಕರೆಯಬೇಕೆನಿಸಿತು.

ಕಟ್ಟಡ ಈಗಿಲ್ಲ. ಹಳಿ ನಮ್ಮ ಅಟ್ಟದಲ್ಲಿದೆ. ಮನೆಗೆ ಬನ್ನಿ, ಚಿತ್ರ ತೋರಿಸುತ್ತೇನೆ. ಯಾರು ಯಾವ ಬೆಂಚಿನವರೆಂದು ನೀವೇ ಹೇಳಬೇಕು.